ಡೋಸ್ ಹೆಚ್ಚಿಸಲಿಲ್ಲ, ಹೊತ್ತು ಬದಲಿಸಿದೆ

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಕಳೆದ ಸಲ ತೊಡೆಮೂಳೆಯ ಕತ್ತಿನ ಟಿ ಸ್ಕೋರ್ (ಹರೆಯದವರ ಮೂಳೆಗೆ ಹೋಲಿಸಿದ ಅಂಕಿ, ಮೈನಸ್ ಹೆಚ್ಚಿದಷ್ಟೂ ಮೂಳೆ ದುರ್ಬಲ) ಮೈನಸ್ 2.1 ಬಂತು. ಎರಡು ವರ್ಷದ ಕೆಳಗೆ ಅದೇ ಲ್ಯಾಬಿನಲ್ಲಿ, ಅದೇ ಮಿಷನ್ನಿನಲ್ಲಿ ಮೈನಸ್ 2.4 ಇತ್ತು. ಅರವತ್ತರ ಮೇಲೆ ಇದು ಇಳಿಯೋದೇ ಹೊರತು ಏರಲ್ಲ ಅಂತ ವಾಕಿಂಗ್ ಗೆಳತಿಯರು ಹೇಳುತ್ತಿದ್ದರು. ನಮ್ಮ ಯಜಮಾನರಿಗೂ ನಂಬಿಕೆ ಇರಲಿಲ್ಲ. ಈಗ ರಿಪೋರ್ಟ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಬಂದವರೆಲ್ಲ ನೋಡಲಿ ಅಂತ.

ಶುರುವಿನಲ್ಲಿ ರಕ್ತದಲ್ಲಿ ವಿಟಮಿನ್ ಡಿ 9 ನ್ಯಾನೋಗ್ರಾಂ ಹತ್ತಿರ ಇತ್ತು, ಅಂದರೆ ತೀರಾ ಕಡಿಮೆ. ಕೋರ್ಸ್ ಮಾಮೂಲಿನದೇ: 60,000 ಯೂನಿಟ್ಟಿನ ಡಿ ಪುಡಿಯ ಸ್ಯಾಶೆ ವಾರಕ್ಕೊಂದು, ಕ್ಯಾಲ್ಸಿಯಂ 500 ದಿನಕ್ಕೆರಡು. ಎಂಟು ವಾರ ಮುಗಿಸಿ ನೋಡಿದರೆ 17. ಇನ್ನೊಂದು ಸುತ್ತು ಹೊಡೆದರೂ 19 ದಾಟಲಿಲ್ಲ. ಡಿ ಟೆಸ್ಟಿಗೆ ಪ್ರತಿ ಸಲ ಸಾವಿರದ ಮೇಲೆ, ಡೆಕ್ಸಾಗೆ ಎರಡೂವರೆ ಸಾವಿರ, ಮಾತ್ರೆ, ಆಟೋ, ಕನ್ಸಲ್ಟೇಶನ್ ಎಲ್ಲ ಸೇರಿ ಆ ವರ್ಷ ಹದಿನೈದು ಸಾವಿರವಾದರೂ ಹೋಗಿರಬೇಕು. ಪೆನ್ಷನ್ನಿನಲ್ಲಿ ಬದುಕುವವರಿಗೆ ಅದು ದೊಡ್ಡ ದುಡ್ಡು. ಒಂದು ಕಡೆ 6 ಲಕ್ಷ ಯೂನಿಟ್ಟಿನ ಇಂಜೆಕ್ಷನ್ ಹಾಕಿಸಿಕೊಳ್ಳಿ ಅಂದರು. ನಾನು ಒಪ್ಪಲಿಲ್ಲ. ಡಿ ಕೊಬ್ಬಿನಲ್ಲಿ ಕೂರುವ ವಿಟಮಿನ್, ಹೆಚ್ಚಾದರೆ ಮೂತ್ರದಲ್ಲಿ ಹೋಗಿಬಿಡುವಂಥದ್ದಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಕುತ್ತು ತಂದುಕೊಂಡವರನ್ನು ನೋಡಿದ್ದೇನೆ.

ಮೂವತ್ತು ವರ್ಷ ಲೆಕ್ಕ ಕಲಿಸಿದವಳು ನಾನು. ಒಂದು ನೋಟ್‌ಬುಕ್ ತೆಗೆದು ಬೆಳಗಿಂದ ರಾತ್ರಿವರೆಗೆ ಬಾಯಿಗೆ ಹೋಗುವುದನ್ನೆಲ್ಲ ಗಂಟೆ ಸಮೇತ ಬರೆದೆ. ಅಲ್ಲೇ ಎಲ್ಲ ಹೊರಬಿತ್ತು. ಥೈರಾಯ್ಡ್ ಮಾತ್ರೆ, ಆಸಿಡಿಟಿ ಮಾತ್ರೆ, ಐರನ್ ಇದ್ದ ಮಲ್ಟಿವಿಟಮಿನ್, ಕ್ಯಾಲ್ಸಿಯಂ, ಎರಡು ಲೋಟ ಕಾಫಿ, ಎಲ್ಲವೂ ಒಂಬತ್ತು ಗಂಟೆಯೊಳಗೆ! ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯನ್ನೂ ಐರನ್ನನ್ನೂ ಹೀರದ ಹಾಗೆ ತಡೆಯುತ್ತೆ. ನನ್ನದು ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ, ಅದು ಕರಗಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಬೇಕು, ಆಸಿಡಿಟಿ ಮಾತ್ರೆ ಆ ಆಮ್ಲವನ್ನೇ ತಗ್ಗಿಸುತ್ತೆ. ಅಂದರೆ ನಾನು ಕೊಟ್ಟ ದುಡ್ಡಿನಲ್ಲಿ ಮೂಳೆಗೆ ಸೇರುತ್ತಿದ್ದದ್ದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಡಾಕ್ಟರನ್ನು ಕೇಳಿ ಕ್ಯಾಲ್ಸಿಯಂ ಸಿಟ್ರೇಟ್ ಮಾತ್ರೆಗೆ ಬದಲಾದೆ, ಅದಕ್ಕೆ ಆಮ್ಲದ ಹಂಗಿಲ್ಲ. ಸ್ಟ್ರಿಪ್ಪಿನ ಹಿಂಭಾಗ ಓದದೆ ಮಾತ್ರ ಕೊಳ್ಳಬೇಡಿ. ಮುಂದೆ ದಪ್ಪಕ್ಷರದಲ್ಲಿ 1000 ಅಂತ ಇರುತ್ತೆ. ಅದು ಸಿಟ್ರೇಟಿನ ತೂಕ. ಒಳಗಿರುವ ಕ್ಯಾಲ್ಸಿಯಂ ಐದರಲ್ಲೊಂದು ಪಾಲು, 200 ಚಿಲ್ಲರೆ ಮಿಲಿಗ್ರಾಂ. ಕಾರ್ಬೊನೇಟ್ 1250 ಆದರೆ ಒಳಗೆ 500. ಸಿಟ್ರೇಟ್ ದುಬಾರಿ, ಸ್ಟ್ರಿಪ್ಪಿಗೆ ಹೆಚ್ಚು ಕಡಿಮೆ ದುಪ್ಪಟ್ಟು ಕೊಡುತ್ತಿದ್ದೆ. ಆಮೇಲೆ ಆಸಿಡಿಟಿ ಮಾತ್ರೆಯನ್ನು ಡಾಕ್ಟರೇ ನಿಧಾನಕ್ಕೆ ಬಿಡಿಸಿದರು. ಈಗ ಮಧ್ಯಾಹ್ನ ಮುದ್ದೆ ಊಟದ ನಡುವೆ ಒಂದು ಕಾರ್ಬೊನೇಟ್, ಅಷ್ಟೇ.

ಥೈರಾಯ್ಡ್ ಮಾತ್ರೆ ಐದೂವರೆಗೆ ಬರೀ ನೀರಿನಲ್ಲಿ. ಕಾಫಿ ಒಂದು ಗಂಟೆ ಬಿಟ್ಟು. ರಾಗಿ ಮಾಲ್ಟ್ ಹತ್ತರ ಮೇಲೆ, ಏಕೆಂದರೆ ಅದರಲ್ಲೂ ಕ್ಯಾಲ್ಸಿಯಂ ಇದೆ, ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ಅಂತರ ಬೇಕು. ಐರನ್ ರಾತ್ರಿಗೆ. ಸ್ಯಾಶೆ ಭಾನುವಾರ ತುಪ್ಪದ ದೋಸೆ ತಿಂದ ಮೇಲೆ, ಜಿಡ್ಡಿನ ಜೊತೆ ಡಿ ಚೆನ್ನಾಗಿ ಒಳಸೇರುತ್ತೆ. ಹಿಂದೆ ಖಾಲಿ ಹೊಟ್ಟೆಗೆ ನೀರಿನಲ್ಲಿ ಕುಡಿಯುತ್ತಿದ್ದೆ. ಮೂರು ತಿಂಗಳಿಗೆ ಡಿ 30 ದಾಟಿತು, ಅದೇ ಸ್ಯಾಶೆ, ಅದೇ ಲೆಕ್ಕ.

ಬಿಸಿಲಿನ ಪ್ರಯೋಗವನ್ನೂ ಮಾಡಿದೆ. ಬೆಂಗಳೂರಿನ ಮಗನ ಮನೆಯಲ್ಲಿದ್ದಾಗ ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಬೆಳಗ್ಗೆ ಏಳಕ್ಕೆ ದಿನಾ ಕೂತೆ, ಅಂಕಿ ಅಲುಗಲಿಲ್ಲ. ಡಿ ಹುಟ್ಟಿಸುವ ಯುವಿ-ಬಿ ಕಿರಣ ಗಾಜು ದಾಟಲ್ಲ, ಎಳೆ ಬಿಸಿಲಿನಲ್ಲಿ ಇರೋದೂ ಅತ್ಯಲ್ಪ. ತುಮಕೂರಿಗೆ ವಾಪಸ್ ಬಂದು ಹನ್ನೊಂದೂವರೆಗೆ ಟೆರೇಸಿನಲ್ಲಿ, ನೆರಳು ನನಗಿಂತ ಗಿಡ್ಡ ಇರುವ ಹೊತ್ತಿನಲ್ಲಿ, ತೋಳು ಕಾಲು ಬಿಟ್ಟು ಇಪ್ಪತ್ತು ನಿಮಿಷ ಹಪ್ಪಳ ಒಣಹಾಕುತ್ತಾ ನಿಂತೆ. ಮಜ್ಜಿಗೆಗೆ ಸುಣ್ಣದ ತಿಳಿ ಹಾಕಿ ಕುಡಿಯೋದನ್ನೂ ನೋಡಿದೆ. ಎಷ್ಟು ಹೋಗುತ್ತೆ ಅಂತ ಅಳೆಯೋಕೆ ಆಗದ್ದನ್ನು ಮುಂದುವರಿಸಲಿಲ್ಲ.

ಮಾಲ್ಟ್ ವಿಚಾರ ನನ್ನ ಹೆಮ್ಮೆ. ರಾಗಿಯಲ್ಲಿ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಕಾಳಿನಲ್ಲೇ ಇರುವ ಫೈಟೇಟ್ ಅನ್ನೋ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತೆ. ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಅಕ್ಕಿಕಾಳಿನಷ್ಟು ಉದ್ದ ಬಂದ ಮೇಲೆ ನೆರಳಲ್ಲಿ ಒಣಗಿಸಿ ಹುರಿದರೆ ಅದು ಸಡಿಲವಾಗುತ್ತೆ. ಜೊತೆಗೆ ಸಿಪ್ಪೆ ಸಮೇತ ಎಳ್ಳು ಮತ್ತು ಇನ್ನೊಂದು ಕಾಳು. ಆ ಕಾಳು ಯಾವುದು, ಪಾಲು ಎಷ್ಟು ಅನ್ನೋದು ನನ್ನ ಬಳಿಯೇ ಇರಲಿ, ನಾದಿನಿಗೂ ಹೇಳಿಲ್ಲ. ಪಾಲಕ್ ನಂಬಬೇಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಬಿಟ್ಟುಕೊಡಲ್ಲ. ನುಗ್ಗೆಸೊಪ್ಪು ವಾರಕ್ಕೆ ಮೂರು ಸಲ. ನನ್ನಂಥವರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳೋದು ದಿನಕ್ಕೆ 1200 ಮಿಲಿಗ್ರಾಂ. ಮಾಲ್ಟ್, ಮುದ್ದೆ, ಎರಡು ಲೋಟ ಹಾಲು, ಗಟ್ಟಿ ಮೊಸರು, ಆ ಒಂದು ಮಾತ್ರೆ ಸೇರಿ ಅಲ್ಲಿಗೆ ಮುಟ್ಟುತ್ತೇನೆ. ಜೊತೆಗೆ ಎರಡು ಕೈಗೂ ನೀರಿನ ಕ್ಯಾನ್ ಹಿಡಿದು ಮೆಟ್ಟಿಲು ಹತ್ತುತ್ತೇನೆ, ಭಾರ ಬೀಳದ ಮೂಳೆ ಗಟ್ಟಿಯಾಗಲ್ಲ.

ಪಾವಗಡದ ಕಡೆಯವರು ಒಂದು ಗಮನಿಸಿ. ನನ್ನ ತವರು ಅಲ್ಲೇ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಆ ನೀರಿನಿಂದ ಬರುವ ಫ್ಲೋರೋಸಿಸ್ ಕಾಯಿಲೆ ಇದ್ದರೆ ಡೆಕ್ಸಾದಲ್ಲಿ ಬೆನ್ನುಮೂಳೆಯ ಸ್ಕೋರ್ ಚೆನ್ನಾಗಿದೆ ಅಂತ ತೋರಿಸುತ್ತೆ, ಮೂಳೆ ಮಾತ್ರ ಪೆಡಸು. ಅತ್ತಿಗೆಗೆ ಹಾಗೇ ಬಂತು, ಬೆನ್ನಿನ ಅಂಕಿ ನೋಡಿ ಖುಷಿಪಟ್ಟರು. ತೊಡೆಮೂಳೆಯ ಅಂಕಿಯನ್ನೂ ಡಾಕ್ಟರಿಗೆ ತೋರಿಸಿ ಅಂದೆ. ಅತ್ತಿಗೆಗೆ ಥೈರಾಯ್ಡ್ ತೊಂದರೆ ಇಲ್ಲ, ಮಾಲ್ಟ್ ಏಳಕ್ಕೇ ಕುಡಿಯಬಹುದು. ಆದರೆ ಹಿಂದೆ ಕಿಡ್ನಿ ಕಲ್ಲು ಆಗಿತ್ತು, ಅದಕ್ಕೆ ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿಯ ಟೆಸ್ಟ್), ಪಿಟಿಎಚ್ (ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಹಾರ್ಮೋನಿನ ಟೆಸ್ಟ್) ಮಾಡಿಸಿಕೊಂಡು ಬರೋವರೆಗೆ ಒಂದು ಮಾತ್ರೆಯನ್ನೂ ಶುರು ಮಾಡಬೇಡಿ ಅಂತ ಹೇಳಿದ್ದೇನೆ.