ಭಾಷಣ ಬಿಡಿ, ಮೌಸ್ ಕೊಡಿ

ಮುಕ್ತ ತಂತ್ರಾಂಶದ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್) ಬಗ್ಗೆ ಜನರಿಗೆ ಹೇಳಲು ಸ್ವಯಂಸೇವಕರಾಗಿ ಹೊರಟಿದ್ದೀರಾ? 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಕಟ್ಟುವ ಯೋಜನೆ ಘೋಷಿಸಿದ ಕತೆ ನನಗೂ ಇಷ್ಟ. ಆದರೆ ನಾವು ಡೆಮೊ ಇಟ್ಟ ಮೇಜಿನ ಮುಂದೆ ನಿಂತವರು ಕೇಳುವುದೇ ಬೇರೆ: "ನನ್ನ ಕಂಪ್ಯೂಟರ್ ತುಂಬಾ ನಿಧಾನ, ಏನಾದ್ರೂ ಮಾಡಬಹುದಾ?" ಅಲ್ಲಿಂದಲೇ ಶುರು ಮಾಡಿ.

ನಾನು 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಇಡುತ್ತೇನೆ. ಅದರಲ್ಲಿ, ವಿಂಡೋಸ್ ಬದಲು ಬಳಸಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೆನ್‌ಡ್ರೈವ್‌ನಿಂದಲೇ ಓಡಿಸುತ್ತೇನೆ. ಇನ್‌ಸ್ಟಾಲ್ ಗುಂಡಿ ಒತ್ತದಿದ್ದರೆ ಒಳಗಿನ ವಿಂಡೋಸ್ ಹಾಗೇ ಇರುತ್ತದೆ. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ, ಅವರ ಕಣ್ಣೆದುರೇ ತೋರಿಸಿ. ಅರ್ಧ ಭಯ ಅಲ್ಲೇ ಹೋಗುತ್ತದೆ. ಆಮೇಲೆ ಮೌಸ್ ಅವರ ಕೈಗೆ ಕೊಟ್ಟು ಕೈ ಕಟ್ಟಿ ನಿಲ್ಲಿ. ನಮ್ಮಂಥವರಿಗೆ ಸುಮ್ನೆ ನಿಲ್ಲುವುದೇ ಜಾಸ್ತಿ ಕಷ್ಟ, ಅಲ್ವಾ?

ವಿಂಡೋಸ್ ಕಿತ್ತುಹಾಕಿ ಅಂತ ಯಾರಿಗೂ ಹೇಳಬೇಡಿ. ಫೈರ್‌ಫಾಕ್ಸ್ ಬ್ರೌಸರ್, ವರ್ಡ್-ಎಕ್ಸೆಲ್ ಥರದ ಕೆಲಸಕ್ಕೆ ಬರುವ ಲಿಬ್ರೆಆಫೀಸ್ ಅದರಲ್ಲೂ ನಡೆಯುತ್ತವೆ. ವಿಡಿಯೋ ನೋಡುವ ವಿಎಲ್‌ಸಿ ಎಷ್ಟೋ ಜನರ ಬಳಿ ಆಗಲೇ ಇರುತ್ತದೆ. ಅದೂ ಮುಕ್ತ ತಂತ್ರಾಂಶವೇ ಅಂದರೆ ಮಾತು ತಾನಾಗಿ ಮುಂದುವರಿಯುತ್ತದೆ.

ಕೊರತೆಗಳನ್ನು ನೀವೇ ಮೊದಲು ಹೇಳಿ. ಲಿನಕ್ಸ್‌ಗೆ ಅಡೋಬಿಯವರ ಫೋಟೋಶಾಪ್ ಇಲ್ಲ. ವರ್ಡ್‌ನಲ್ಲಿ ಮಾಡಿದ ಜಟಿಲ ಫೈಲು ಲಿಬ್ರೆಆಫೀಸ್‌ನಲ್ಲಿ ಅಲ್ಲಲ್ಲಿ ಅಸ್ತವ್ಯಸ್ತ ಆಗಬಹುದು.

ಯಾರಾದರೂ ಇನ್‌ಸ್ಟಾಲ್ ಮಾಡಿಕೊಡಿ ಅಂದರೆ, ಬ್ಯಾಕಪ್ ಆಗುವವರೆಗೆ ಕೈ ಹಾಕಬೇಡಿ. ವಾಪಸ್ ಕಳಿಸುವಾಗ, ಪ್ರಿಂಟರ್ ಕೈಕೊಟ್ಟರೆ ಯಾರನ್ನು ಕೇಳಬೇಕು ಅಂತ ಚೀಟಿಯಲ್ಲಿ ಬರೆದು ಕೊಡಿ.