ಧರೆಗೆ ಬೇಸಿಗೆಯಲ್ಲೇ ಸೋಗೆ ಕಟ್ಟಿದ್ದು

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡದಲ್ಲಿದೆ. ಮನೆ ಹಿಂದೆ ಹದಿನೈದು ಅಡಿ ಎತ್ತರದ ಧರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ. ಅಡಿಕೆ ಒಣಗಿಸುವ ಅಂಗಳ ಸಾಲದು ಅಂತ ನಾನೇ ಜೆಸಿಬಿ ತರಿಸಿ ಕಡಿಸಿದ್ದು. ಹಾಗಾಗಿ ಯಾರನ್ನೂ ಬೈಯುವ ಹಾಗಿಲ್ಲ. ಪ್ರತಿ ವರ್ಷ ಮಣ್ಣು ಅಂಗಳಕ್ಕೆ ಇಳಿಯುತ್ತಿತ್ತು, ಬುಟ್ಟಿಯಲ್ಲಿ ಹೊತ್ತು ತೋಟಕ್ಕೆ ಹಾಕುತ್ತಿದ್ದೆವು.

ಮಳೆ ಜಾಸ್ತಿ, ಅದಕ್ಕೇ ಮಣ್ಣು ಹೋಗುತ್ತದೆ ಅಂತ ನಾನೂ ನಂಬಿದ್ದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಕಡಿಮೆಯೇನಲ್ಲ. ಆದರೆ ಒಂದು ಮಾತ್ರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಜುಲೈಯಲ್ಲಿ ವಾರಗಟ್ಟಲೆ ಜಡಿ ಹಿಡಿದಾಗ ಹರಿಯುವ ನೀರಿಗಿಂತ, ಮೇ ತಿಂಗಳ ಒಂದೇ ಒಂದು ಗುಡುಗು ಮಳೆಯ ನೀರು ಜಾಸ್ತಿ ಕೆಂಪಗಿರುತ್ತಿತ್ತು. ಯಾಕೆ?

ಉತ್ತರ ಸಿಕ್ಕಿದ್ದು ಹಿಮಾಚಲದಲ್ಲಿ. ಮಗಳು ಅಲ್ಲಿ ಕೆಲಸದಲ್ಲಿದ್ದಾಗ ಒಂದು ಫೆಬ್ರವರಿಯಲ್ಲಿ ಹೋಗಿದ್ದೆ. ಶಿಮ್ಲಾದಿಂದ ಮೇಲಿನ ಒಂದು ಸೇಬಿನ ತೋಟ. ಬೆಳಗ್ಗೆ ಎದ್ದು ನೋಡಿದರೆ ರಸ್ತೆ ಪಕ್ಕದ ಧರೆ ತುಂಬ ಶಾವಿಗೆಯಂಥ ಮಂಜುಗಡ್ಡೆ ಕಡ್ಡಿಗಳು. ಒಂದೊಂದರ ತಲೆ ಮೇಲೂ ಚಿಟಿಕೆ ಮಣ್ಣು. ಬಿಸಿಲು ಬಿದ್ದ ಮೇಲೆ ಕಡ್ಡಿ ಕರಗಿ, ಆ ಮಣ್ಣು ಸರಸರ ಅಂತ ಕೆಳಗೆ ಉದುರಿತು. ಮಳೆಯ ಸುದ್ದಿಯೇ ಇಲ್ಲ!

ನೀರು ಗಡ್ಡೆ ಕಟ್ಟಿದರೆ ಸುಮಾರು 9% ಉಬ್ಬುತ್ತದೆ. ಸಾಲದ್ದಕ್ಕೆ, ಹೆಪ್ಪುಗಟ್ಟುವ ಪದರ ಕೆಳಗಿನ ತೇವವನ್ನೂ ಮೇಲಕ್ಕೆ ಹೀರಿಕೊಳ್ಳುತ್ತದೆ. ಮಣ್ಣಿನ ಕಣಗಳ ಹಿಡಿತ ಸಡಿಲವಾಗುತ್ತದೆ. ಮತ್ತೆ ಕರಗುವಾಗ ಮೇಲಿನ ನಾಲ್ಕು ಬೆರಳು ಕೆಸರು, ಅಡಿಯಲ್ಲಿ ಇನ್ನೂ ಕಲ್ಲಿನಂಥ ಗಡ್ಡೆ. ನೀರು ಇಂಗಲು ದಾರಿ ಇಲ್ಲ. ಇಳಿಜಾರಿನಲ್ಲಿ ಆ ಕೆಸರು ಮೇಲಿಂದ ಮೇಲೆ ಜಾರುತ್ತದೆ.

ನಮ್ಮಲ್ಲಿ ಡಿಸೆಂಬರ್ ಚಳಿಗೆ ಗಟ್ಟಿಯಾಗುವುದು ತೆಂಗಿನೆಣ್ಣೆ ಮಾತ್ರ. ಆದರೂ ಊರಿಗೆ ಬರುವಾಗ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಅಲ್ಲಿ ಚಳಿ ಮಾಡುವ ಕೆಲಸವನ್ನು ನಮ್ಮಲ್ಲಿ ಬಿಸಿಲು ಮಾಡುತ್ತಿರಬಹುದು ಅಲ್ವಾ?

ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಒಂದೇ ಧರೆಯಿಂದ ಎರಡು ಹೆಂಟೆ ತೆಗೆದೆ. ಒಂದನ್ನು ವಾರ ಬಿಸಿಲಿಗಿಟ್ಟೆ, ಇನ್ನೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟೆ. ಎರಡನ್ನೂ ನೀರಿನ ಲೋಟಕ್ಕೆ ಬಿಟ್ಟಾಗ ಒಣಗಿದ್ದು ಗುಳುಗುಳು ಗುಳ್ಳೆ ಬಿಟ್ಟು ಕಣ್ಣೆದುರೇ ಪುಡಿಯಾಯಿತು. ತೇವ ಇದ್ದದ್ದು ಸಂಜೆವರೆಗೂ ಹಾಗೇ ಕೂತಿತ್ತು. ಒಣ ಮಣ್ಣಿಗೆ ನೀರು ಒಮ್ಮೆಲೇ ನುಗ್ಗಿದರೆ ಒಳಗೆ ಸಿಕ್ಕಿಬಿದ್ದ ಗಾಳಿ ಹೆಂಟೆಯನ್ನು ಒಡೆದುಕೊಂಡು ಹೊರಗೆ ಬರುತ್ತದೆ. ಮೇ ತಿಂಗಳ ಕೆಂಪು ನೀರಿನ ಗುಟ್ಟು ಅಷ್ಟೇ. ನಂಬಿಕೆ ಇಲ್ಲದಿದ್ದರೆ ನೀವೂ ಮಾಡಿ ನೋಡಿ, ಖರ್ಚಿಲ್ಲ.

ನಮ್ಮ ಕಡೆ ಮಣ್ಣಿನ ಗೋಡೆಗೆ ಇರಿಚಲು ಬಡಿಯಬಾರದು ಅಂತ ಮಳೆಗೆ ಮುಂಚೆ ಅಡಿಕೆ ಸೋಗೆ, ಅಂದರೆ ಒಣಗಿದ ಗರಿ, ಕಟ್ಟುವ ಪದ್ಧತಿ ಮೊದಲಿಂದಲೂ ಇದೆ. ಬಿಸಿಲಿಗೆ ಮಣ್ಣು ಒಣಗದಿರಲಿ ಅಂತ ನಾನು ಧರೆಗೆ ಸೋಗೆ ಕಟ್ಟಿದೆ. ಅದೂ ಜನವರಿ ಕೊನೆಗೆ, ನೆಲದಲ್ಲಿ ಇನ್ನೂ ತೇವ ಇರುವಾಗಲೇ. ನೋಡಿದವರು ನಕ್ಕರು. ಅರ್ಧ ಧರೆಗೆ ಮಾತ್ರ ಕಟ್ಟಿ, ಎರಡೂ ಕಡೆ ಉದ್ದದ ಕಬ್ಬಿಣದ ಮೊಳೆಗಳನ್ನು ತಲೆ ಮಣ್ಣಿನ ಮಟ್ಟಕ್ಕೆ ಬರುವ ಹಾಗೆ ಹೊಡೆದಿಟ್ಟೆ. ಆಗಸ್ಟ್ ಹೊತ್ತಿಗೆ ಬರಿ ಬಿಟ್ಟ ಕಡೆ ಮೊಳೆಗಳು ಎರಡು ಬೆರಳು ಹೊರಗೆ ಬಂದಿದ್ದವು. ಸೋಗೆ ಕಡೆ ತಲೆ ಹುಡುಕಬೇಕಾಯಿತು. ಅಲ್ಲಿ ಬಿರುಕು ಬಿಟ್ಟಿರಲಿಲ್ಲ. ಪಾಚಿ ಹಿಡಿದು, ಜರಿಗಿಡಗಳೂ ಬಂದಿದ್ದವು. ಒಂದೇ ತೊಂದರೆ ಗೆದ್ದಲು, ಮತ್ತೆ ಬೇಸಿಗೆಯಲ್ಲಿ ಬೆಂಕಿಯ ಭಯ. ಬೀಡಿ ಸೇದುವವರನ್ನು ನಾನು ಹಿತ್ತಿಲಿಗೆ ಬಿಡುವುದಿಲ್ಲ.

ಇದಕ್ಕೂ ಮೊದಲು ನಾನು ಮಾಡಿದ ದೊಡ್ಡ ತಪ್ಪು ಹೇಳಬೇಕು. ಯಾರೋ ಹೇಳಿದರು ಅಂತ ಧರೆಯ ನೆತ್ತಿಯಲ್ಲೇ ಸಾಲಾಗಿ ಇಂಗುಗುಂಡಿ ತೋಡಿಸಿದ್ದೆ. ಬಯಲಿನಲ್ಲಿ ಅದು ಒಳ್ಳೆಯದೇ. ಆದರೆ ನಮ್ಮ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಪದರದ ಅಡಿಯಲ್ಲಿ ಬಿಳಿ ಶೇಡಿ ಮಣ್ಣಿದೆ, ಜೇಡಿಯಂಥ ನುಣುಪು ಮಣ್ಣು. ಇಂಗಿದ ನೀರು ಅಲ್ಲಿಗೆ ಹೋಗಿ ನಿಂತಿತು, ಶೇಡಿ ಬೆಣ್ಣೆಯ ಹಾಗಾಯಿತು. ಪುಷ್ಯ ಮಳೆಯ ಒಂದು ರಾತ್ರಿ ಪಡುವಣ ಮೂಲೆ ಎರಡು ಮರಗಳ ಸಮೇತ ಕೂತುಬಿಟ್ಟಿತು. ಹಿಮಾಚಲದ ಕೆಸರಿನಡಿಯ ಗಡ್ಡೆ ನೋಡಿದಾಗ ನನಗೆ ನೆನಪಾಗಿದ್ದು ಇದೇ. ಎರಡೂ ಕಡೆ ನೀರಿಗೆ ಕೆಳಗೆ ದಾರಿ ಇರಲಿಲ್ಲ.

ಈಗ ಗುಂಡಿಗಳನ್ನೆಲ್ಲ ಮುಚ್ಚಿದ್ದೇನೆ. ಮೇಲಿನ ನೀರನ್ನು ಅಡ್ಡ ಕಾಲುವೆಯಲ್ಲಿ ಪಕ್ಕದ ಹಳ್ಳಕ್ಕೆ ತಿರುಗಿಸಿದ್ದೇನೆ. ಅಂಚಿಗೆ ಲಾವಂಚ ನೆಟ್ಟಿದ್ದೇನೆ, ಚೆನ್ನಾಗಿ ಬೇರು ಬಿಟ್ಟಿದೆ. ಆ ಪಡುವಣ ಮೂಲೆಗೆ ಮಾತ್ರ ಸೋಗೆಯೂ ಸಾಲದು, ಲಾವಂಚವೂ ಸಾಲದು. ಅಲ್ಲಿ ಸಡಿಲವಾಗಿರುವುದು ಆಳದಲ್ಲಿ. ಅಲ್ಲಿದ್ದ ಬಚ್ಚಲನ್ನು ಮನೆಯ ಈಚೆ ಬದಿಗೆ ತಂದಿದ್ದೇವೆ. ಮಳೆಗಾಲದಲ್ಲಿ ಮೊಮ್ಮಗನನ್ನು ಅತ್ತ ಬಿಡುವುದಿಲ್ಲ.