ಮಳೆಗಾಲಕ್ಕೆ ಮೊದಲು ನೆಟ್‌ವರ್ಕ್ ಪೆಟ್ಟಿಗೆಗೆ ಬ್ಯಾಟರಿ ಆರಿಸುವಾಗ

ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಇಂಟರ್ನೆಟ್ ಸಂಪರ್ಕ ಒದಗಿಸುತ್ತಿರುವ ಸದಸ್ಯರ ಗಮನಕ್ಕೆ. ಬ್ಯಾಟರಿ ಕೊಳ್ಳುವ ಮೊದಲು ಪೆಟ್ಟಿಗೆಯೊಳಗಿನ ಓಎಲ್‌ಟಿ (ಫೈಬರ್ ಕೇಬಲ್ ಮೂಲಕ ಮನೆಗಳಿಗೆ ಇಂಟರ್ನೆಟ್ ಹಂಚುವ ಸಾಧನ), ಸ್ವಿಚ್, ರೇಡಿಯೊಗಳು ಒಟ್ಟು ಎಷ್ಟು ವ್ಯಾಟ್ ಎಳೆಯುತ್ತವೆ ಎಂಬುದನ್ನು ಮೀಟರ್ ಇಟ್ಟು ಅಳೆಯಿರಿ; ಉಪಕರಣದ ಮೇಲೆ ಅಚ್ಚಾಗಿರುವ ಸಂಖ್ಯೆ ಸಾಮಾನ್ಯವಾಗಿ ಗರಿಷ್ಠ ಮಿತಿಯೇ ಹೊರತು ನಿಜವಾದ ಬಳಕೆಯಲ್ಲ. 60 ವ್ಯಾಟ್ ಲೋಡನ್ನು 8 ಗಂಟೆ ನಡೆಸಲು 480 ವ್ಯಾಟ್-ಅವರ್, ಅಂದರೆ 48 ವೋಲ್ಟಿನಲ್ಲಿ 10 ಆಂಪಿಯರ್-ಅವರ್ ಬೇಕು. ಆದರೆ ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುವುದರಿಂದ, ಕನಿಷ್ಠ 20, ಮುಂದೆ ಹಳತಾಗುವುದನ್ನೂ ಲೆಕ್ಕಕ್ಕೆ ಹಿಡಿದರೆ 26 ಆಂಪಿಯರ್-ಅವರಿನದನ್ನು ಆರಿಸಬೇಕಾಗುತ್ತದೆ.

ನಮ್ಮಲ್ಲಿ ನಿಜವಾದ ತೊಂದರೆ ಬ್ಯಾಕಪ್ ಅವಧಿಗಿಂತ ಮರುಚಾರ್ಜಿನದು. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ, ನಡುವೆ ಒಂದೆರಡು ಗಂಟೆ ಬಂದು ಮತ್ತೆ ಹೋಗುತ್ತದೆ. ಅಷ್ಟರಲ್ಲಿ ಲೆಡ್ ಆ್ಯಸಿಡ್ ಪೂರ್ತಿ ತುಂಬುವುದಿಲ್ಲ, ಅರೆಬರೆ ಚಾರ್ಜಿನಲ್ಲೇ ಉಳಿದು ಅದರ ತಗಡುಗಳ ಮೇಲೆ ಸಲ್ಫೇಟ್ ಕಟ್ಟುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ಕಾಟವಿಲ್ಲ, ತಕ್ಕ ಚಾರ್ಜರ್ ಇದ್ದರೆ ಬೇಗನೆ ತುಂಬುತ್ತದೆ. ಆದ್ದರಿಂದ ಬೆಲೆ ಹೆಚ್ಚಾದರೂ ಗುಡ್ಡದ ಮೇಲಿನ ಪೆಟ್ಟಿಗೆಗೆ ಅದನ್ನೇ ಸೂಚಿಸುತ್ತೇನೆ; ಪೇಟೆಯೊಳಗೆ ಲೆಡ್ ಆ್ಯಸಿಡ್ ಬ್ಯಾಟರಿಯೇ ಸಾಕು. ಸೋಲಾರನ್ನು ಮಾತ್ರ ನಂಬಿದರೆ ಜುಲೈನಲ್ಲಿ ಕೈಕೊಡುತ್ತದೆ.

ಉಪಕರಣವು 48 ವೋಲ್ಟ್ ಡಿಸಿಯನ್ನು ನೇರವಾಗಿ ಸ್ವೀಕರಿಸುವಂತಿದ್ದರೆ ನಡುವೆ ಇನ್ವರ್ಟರ್ ಬೇಡ. ಸಿಡಿಲಿಗಾಗಿ ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್ ಇರಲಿ.